ಪಾಂಡವಪುರದ ಬೆಲ್‌ರೋಸ್

ಅವರ ಸ್ವಂತ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಆಂಟಿಯನ್ನು ಕೇಳಿದಾಗ, "ಹೆಸರು ಬೇಡಮ್ಮ. ಸರ್‌ನೇಮ್ ಬೇಕಾದ್ರೆ ಹಾಕ್ಕೋ, ಅದೇನು ನಮ್ಮದಾ?" ಎಂದರು. ಹಾಗಾಗಿ ನಾನು ಕರೆಯುತ್ತಿದ್ದಂತೆ ಅಂಕಲ್ ಎಂದೇ ಬರೆಯುತ್ತೇನೆ. ಮನೆತನದ ಹೆಸರು ಬೆಲ್‌ರೋಸ್. ಅದು ಫ್ರೆಂಚರ ಹೆಸರು. ಅಂಕಲ್ ಪಾಂಡವಪುರದವರು, ಏಕಾದಶಿಗೆ ಉಪವಾಸ ಇರುತ್ತಿದ್ದರು. ಫ್ರೆಂಚ್ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು ಒಂದೇ ವಾಕ್ಯ: ಕ್ಷಮಿಸಿ, ನನಗೆ ಫ್ರೆಂಚ್ ಬರುವುದಿಲ್ಲ.

ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯಲ್ಲಿ ಅವರ ಮನೆ. ನಮ್ಮಿಬ್ಬರ ಆಫೀಸೂ ಬಾಸ್ಕಿಂಗ್ ರಿಡ್ಜ್‌ನಲ್ಲಿ, ಒಂದೇ ಕ್ಯಾಂಪಸ್ಸಿನ ಬೇರೆ ಬೇರೆ ಕಟ್ಟಡಗಳಲ್ಲಿ. ನಾನು ಮೂರು ಸಲ ರೋಡ್ ಟೆಸ್ಟಿನಲ್ಲಿ ಫೇಲಾದ ಮೇಲೆ ಅವರೇ, "ನನ್ನ ಜೊತೆ ಬಾಮ್ಮ, ಹೇಗೂ ಪಕ್ಕದ ಸೀಟು ಖಾಲಿ" ಎಂದರು. ಎರಡು ವರ್ಷ ನಾಲ್ಕು ತಿಂಗಳು ಆ ಸೀಟಿನಲ್ಲಿ ಕೂತೆ. ದಿನಚರಿ ಬರೆಯುವುದು ನನ್ನ ರೂಢಿ. ಹವಾಮಾನ, ಖರ್ಚು, ನಡೆದದ್ದು, ಕೇಳಿದ್ದು ಎಂದು ನಾಲ್ಕು ಭಾಗ. ಆ ಅವಧಿಯ 'ಕೇಳಿದ್ದು' ಭಾಗದಲ್ಲಿ ಹೆಚ್ಚುಕಡಿಮೆ ಅಂಕಲ್ ಒಬ್ಬರೇ ಇದ್ದಾರೆ. ಸೋಮವಾರದ ಪುಟಗಳು ಬೇರೆ ದಿನಗಳಿಗಿಂತ ಉದ್ದ, ಏಕೆಂದರೆ ಶನಿವಾರ ಭಾನುವಾರ ಕೂತು ಅವರು ಹೊಸ ಬೆಲ್‌ರೋಸ್ ಒಬ್ಬರನ್ನು ಪತ್ತೆ ಹಚ್ಚಿರುತ್ತಿದ್ದರು.

ಹಳೇ ಮೈಸೂರಿನ ನಮ್ಮ ಮನೆಗಳಲ್ಲಿ ಮನೆತನದ ಹೆಸರೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಊರಿನದೊಂದು ಇನಿಷಿಯಲ್, ಅಪ್ಪನದೊಂದು ಇನಿಷಿಯಲ್, ಕೊನೆಗೆ ತನ್ನ ಹೆಸರು. ಅಂಕಲ್ ಅಮೆರಿಕಕ್ಕೆ ಬಂದಾಗ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಹೆಸರು. ಇಲ್ಲಿಯವರು ಅದನ್ನು ಮನೆತನದ ಹೆಸರಿನ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ತುಂಬಿದರು. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಗ್ರೀನ್ ಕಾರ್ಡು, ಲೈಸೆನ್ಸು, ಮಗ ಹುಟ್ಟಿದ ಆಸ್ಪತ್ರೆಯ ಕಾಗದ, ಎಲ್ಲದರಲ್ಲೂ ಅದೇ. ಹಲ್ಲಿನ ಡಾಕ್ಟರ ಬಳಿ ರಿಸೆಪ್ಶನಿಸ್ಟ್ "ಮಿಸ್ಟರ್ ಫ್ನೂ!" ಎಂದು ಕೂಗಿದರೆ ಇವರು ಎದ್ದು ಹೋಗಬೇಕಿತ್ತು.

ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ಅಧಿಕಾರಿಣಿ, ಹೆಸರು ಬದಲಾಯಿಸಿಕೊಳ್ಳುವುದಿದ್ದರೆ ಈಗಲೇ ಮಾಡಿಕೊಳ್ಳಬಹುದು ಎಂದರಂತೆ. ಅಂಕಲ್ ನಮ್ಮ ಕಡೆಯ ಯಾರಾದರೂ ಯೋಚಿಸುವ ಹಾಗೆಯೇ ಯೋಚಿಸಿದರು.

"ಯಾವ ಊರಲ್ಲಿದ್ದೀವೋ ಆ ಊರು ಹೆಸರಿನ ಮುಂದೆ. ನಮ್ಮ ತಾತ ನಾಗಮಂಗಲದಲ್ಲಿದ್ರು, ಎನ್. ಅಪ್ಪ ಪಾಂಡವಪುರಕ್ಕೆ ಬಂದ್ರು, ಪಿ. ನಾನು ಆಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬೆಲ್‌ರೋಸ್ ಅನ್ನೋ ಕಡೆ ಇದ್ದೆ. ಬಿ. ಇಲ್ಲಿ ಇನಿಷಿಯಲ್ ಆಗಲ್ಲ, ಪೂರ್ತಿ ಬರೀಬೇಕು ಅಂದ್ರು. ಬರೆದೆ. ತಪ್ಪೇನಮ್ಮ ಇದರಲ್ಲಿ?"

ಆಂಟಿಯ ವಾದ ಬೇರೆ. "ಆರು ತಿಂಗಳಿಗೆ ಮನೆ ಖಾಲಿ ಮಾಡ್ಕೊಂಡು ಹಿಲ್ಸ್‌ಬರೋಗೆ ಬಂದ್ವಿ. ಈಗ ಹಿಲ್ಸ್‌ಬರೋ ಅಂತ ಇಟ್ಕೋತಾರಾ ಕೇಳು. ರೋಸ್ ಅಂತೆ, ಬೆಲ್ ಅಂತೆ! ಊದುಬತ್ತಿ ಪ್ಯಾಕೆಟ್ ಮೇಲೆ ಹಾಕೋ ಹೆಸರು." ಆಂಟಿ ಆ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಮಗ ಆಗ ಚಿಕ್ಕವನು, ತಪ್ಪಿಸಿಕೊಳ್ಳಲಾಗಲಿಲ್ಲ. ಪ್ರತಿ ವರ್ಷ ಶಾಲೆಯ ಮೊದಲ ದಿನ ಟೀಚರ್ "ಬೆಲ್‌ರೋಸ್" ಎಂದು ಓದಿ, ಇವನ ತಲೆಯ ಮೇಲಿಂದ ಹಿಂದಿನ ಬೆಂಚಿನ ಕಡೆ ನೋಡುತ್ತಿದ್ದರಂತೆ. "ಡ್ಯಾಡ್, ಇಟ್ಸ್ ಎ ಟ್ರೇನ್ ಸ್ಟೇಷನ್" ಎಂದು ಅವನು ದೊಡ್ಡವನಾದ ಮೇಲೂ ಹೇಳುತ್ತಿದ್ದ.

ಹಿಲ್ಸ್‌ಬರೋಗೆ ಬಂದ ಮೊದಲ ಬೇಸಿಗೆಯಲ್ಲಿ ಒಂದು ಕಾಗದ ಬಂತು. 'ಪ್ರಿಯ ಕಸಿನ್' ಎಂದು ಶುರು. ನ್ಯೂಯಾರ್ಕ್ ನ್ಯೂಜೆರ್ಸಿಗಳ ಬೆಲ್‌ರೋಸ್ ಮನೆತನದವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಫೋನ್ ಡೈರೆಕ್ಟರಿಯಲ್ಲಿ ಆ ಹೆಸರು ಕಂಡವರಿಗೆಲ್ಲ ಜೂನ್ ತಿಂಗಳ ಪಿಕ್ನಿಕ್ಕಿಗೆ ಕರೆ ಹೋಗುತ್ತಿತ್ತು. ಅಂಕಲ್ ಅಲ್ಯೂಮಿನಿಯಂ ಟ್ರೇ ತುಂಬ ಚಿತ್ರಾನ್ನ ಕಲಸಿಕೊಂಡು ಹೋದರು. ಇವನು ಯಾವ ಬೆಲ್‌ರೋಸ್ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಸಭ್ಯರು, ಪ್ರತಿಯೊಬ್ಬರೂ ಇನ್ನೊಬ್ಬರು ಕೇಳಲಿ ಎಂದು ಕಾದರು. ಸಂಜೆಯ ಹೊತ್ತಿಗೆ ಸಂಘದ ಅಧ್ಯಕ್ಷೆಯಾಗಿದ್ದ ವೃದ್ಧೆ ಇವರು ಪಾಂಡಿಚೇರಿಯ ಕವಲಿನವರಿರಬೇಕು ಎಂದು ತೀರ್ಮಾನಿಸಿ ಕೈಕುಲುಕಿದರು. ಕಾರ್ಯದರ್ಶಿಯ ಹುದ್ದೆ ಖಾಲಿ ಇತ್ತು, ಯಾರಿಗೂ ಬೇಕಿರಲಿಲ್ಲ. ಅಂಕಲ್ ಕೈ ಎತ್ತಿದರು.

"ಕನ್ನಡ ಕೂಟದಲ್ಲಿ ಹದಿನೈದು ವರ್ಷ ಕುರ್ಚಿ ಜೋಡಿಸಿದ್ದೀನಿ. ಕಾರ್ಯದರ್ಶಿ ಆಗೋಕೆ ಬಿಡಲಿಲ್ಲ. ಇವರು ಮೊದಲನೇ ದಿನಾನೇ ಕೊಟ್ರು. ಯಾರಮ್ಮ ನಮ್ಮವರು?"

ಕಾರ್ಯದರ್ಶಿಯ ಕೆಲಸ ಮುಖ್ಯವಾಗಿ ಒಂದೇ: ಬೆಲ್‌ರೋಸ್ ಹೆಸರಿನ ಗಣ್ಯರ ಪಟ್ಟಿಯನ್ನು ನೋಡಿಕೊಳ್ಳುವುದು. ಅದನ್ನು ಅವರು ಆಫೀಸಿನಲ್ಲಿ ಸೇತುವೆಗಳ ನಕ್ಷೆ ಪರಿಶೀಲಿಸುತ್ತಿದ್ದ ಹಾಗೆಯೇ ಮಾಡಿದರು. ಒಬ್ಬೊಬ್ಬ ಗಣ್ಯರಿಗೂ ಎರಡು ಸಾಕ್ಷಿ ಬೇಕು. ಮನೆಯವರ ಮಾತು ಸಾಕ್ಷಿಯಲ್ಲ. ಟೂ ಎಯ್ಟಿ ಸೆವೆನ್ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತರೆ ಅವರಿಗೆ ಖುಷಿ, ಒಬ್ಬ ಗಣ್ಯರ ಕಥೆ ಪೂರ್ತಿ ಹೇಳಬಹುದಿತ್ತು.

"ನಮ್ಮವರೊಬ್ಬರು ಐಸ್ ಹಾಕಿ ಗೋಲ್‌ಕೀಪರ್ ಆಗಿದ್ರು, ಗೊತ್ತಾ? ದೊಡ್ಡ ಟೀಮಲ್ಲಿ ಒಂದೇ ಮ್ಯಾಚು. ಹನ್ನೊಂದು ಗೋಲು!"

"ಹೊಡೆದರಾ ಅಂಕಲ್?"

"ಬಿಟ್ರು."

ದೋಣಿಯೆಂದರೆ ಹೆದರುತ್ತಿದ್ದ ಪಾದ್ರಿಯೊಬ್ಬರು ಇದ್ದರು; ಅವರಿಗೆ ದ್ವೀಪದ ಚರ್ಚು ಸಿಕ್ಕಿ, ಹೋದವರು ವಾಪಸು ಬರಲೇ ಇಲ್ಲ. ಹಿಮದ ಬೆಳಕಿಗೆ ಕಣ್ಣು ಕೆಡುತ್ತದೆಂದು ಹಸುಗಳಿಗೆ ಕಪ್ಪು ಕನ್ನಡಕ ಮಾಡಿಸಿದ ಪಶುವೈದ್ಯೆ ಇದ್ದರು. ಒಂದೇ ಊರಿಗೆ ಎರಡು ಸಲ ಮೇಯರ್ ಆಗಿ, ಎರಡು ಸಲವೂ ಊರೇ ಇನ್ನೊಂದು ಊರಿಗೆ ಸೇರಿಹೋದವರೊಬ್ಬರು ಇದ್ದರು. ಇವರನ್ನೆಲ್ಲ ಅಂಕಲ್ ನೆರೆಮನೆಯವರ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಸುದ್ದಿಯಲ್ಲಿ ಮರುಕವಿರುತ್ತಿತ್ತು. "ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ ನಮ್ಮೋರು" ಎಂದು ಬ್ರೇಕಿನ ಮೇಲಿಂದ ಕಾಲು ತೆಗೆಯುತ್ತಿದ್ದರು.

ತೊಂದರೆ ಶುರುವಾದದ್ದು ಒಂದು ಸೊಳ್ಳೆಪರದೆಯ ಬಾಗಿಲಿನಿಂದ. ಸಂಘದ ಖಜಾಂಚಿ ಸ್ಟ್ಯಾಟನ್ ಐಲ್ಯಾಂಡಿನವರು, ನಿವೃತ್ತ ಬಿಲ್ಡಿಂಗ್ ಇನ್ಸ್‌ಪೆಕ್ಟರ್, ಎತ್ತರದ ಆಳು, ಮಾತು ಕಡಿಮೆ. ತಾನಾಗಿ ಮುಚ್ಚಿಕೊಳ್ಳುವ ಪರದೆಬಾಗಿಲನ್ನು ಕಂಡುಹಿಡಿದವರು ಎಂದು ಅವರ ತಾತನ ಹೆಸರು ಬಹಳ ಕಾಲದಿಂದ ಪಟ್ಟಿಯಲ್ಲಿತ್ತು. ಅಂಕಲ್ ಎರಡು ತಿಂಗಳು ಹುಡುಕಿದರು. ಪೇಟೆಂಟ್ ಸಿಗಲಿಲ್ಲ, ಪೇಪರಿನ ಸುದ್ದಿ ಸಿಗಲಿಲ್ಲ. ಹೆಸರು ತೆಗೆದುಬಿಟ್ಟರು.

"ಇರಲಿ ಬಿಡಬಹುದಿತ್ತು ಅಂಕಲ್. ಒಂದು ಬಾಗಿಲು ತಾನೇ?" ಎಂದೆ.

"ಹೇಗಮ್ಮ ಬಿಡೋದು? ಇವತ್ತು ಬಾಗಿಲು ಬಿಟ್ರೆ ನಾಳೆ ಕಿಟಕಿ ಬರುತ್ತೆ."

ಮುಂದಿನ ವಾರ ಖಜಾಂಚಿ ಎಲ್ಲರಿಗೂ ಒಂದು ಪ್ರಸ್ತಾಪ ಕಳಿಸಿದರು. ಸಂಘದಲ್ಲಿ ಇರಲು ಮನೆತನದ ಹೆಸರು ಇದ್ದರೆ ಸಾಲದು, ಮನೆತನದ ರಕ್ತವೂ ಇರಬೇಕು. ಪ್ರತಿಯೊಬ್ಬರೂ ಜೊಲ್ಲು ಕೊಟ್ಟು ಡಿಎನ್ಎ ಪರೀಕ್ಷೆ ಮಾಡಿಸಬೇಕು. ಹೊಂದದವರನ್ನು ಸದಸ್ಯತ್ವದಿಂದ ತೆಗೆಯುವ ಬಗ್ಗೆ ಜೂನ್ ಪಿಕ್ನಿಕ್ಕಿನಲ್ಲಿ ವೋಟು. ಯಾರ ಹೆಸರನ್ನೂ ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಮೊದಲ ದಿನ ಅಂಕಲ್ ಸಂತೋಷದಲ್ಲಿಯೇ ಇದ್ದರು. "ನೋಡಿದ್ಯಾ? ದಾಯಾದಿ ಮತ್ಸರ! ಸಂಬಂಧ ಇಲ್ಲದೋರ ಮೇಲೆ ಯಾರಾದ್ರೂ ಇಷ್ಟು ಶ್ರಮಪಟ್ಟು ಹಗೆ ಸಾಧಿಸ್ತಾರಾ? ನಮ್ಮೂರ ಕೋರ್ಟಿಗೆ ಹೋಗಿ ನೋಡು, ಮೂವತ್ತು ವರ್ಷ ಕೇಸ್ ನಡೆಸ್ತಿರೋರೆಲ್ಲ ಅಣ್ಣತಮ್ಮಂದಿರೇ." ಎರಡನೆಯ ದಿನ ಆ ಸಂತೋಷ ಇರಲಿಲ್ಲ. ಆಫೀಸಿನವರೆಗೂ ರೇಡಿಯೋ ಹಾಕಿಕೊಂಡು ಬಂದರು.

ಮೂರನೆಯ ದಿನ ಅವರಿಗೆ ಹೊಸ ದಾರಿ ಹೊಳೆದಿತ್ತು. ನಾನು ಕಾರಿನ ಬಾಗಿಲು ಹಾಕುವ ಮೊದಲೇ ಕೇಳಿದರು. "ಬ್ರಿಟಿಷರ ಕಾಲದ ಮ್ಯಾಪಿನಲ್ಲಿ ನಮ್ಮ ಪಾಂಡವಪುರದ ಹೆಸರೇನು, ಹೇಳು ನೋಡೋಣ. ಫ್ರೆಂಚ್ ರಾಕ್ಸ್! ಶ್ರೀರಂಗಪಟ್ಟಣದ ಸುಲ್ತಾನರ ಸೈನ್ಯದಲ್ಲಿದ್ದ ಫ್ರೆಂಚ್ ಸಿಪಾಯಿಗಳು ನಮ್ಮೂರ ಬಂಡೆ ಹತ್ತಿರಾನೇ ಬಿಡಾರ ಹೂಡಿದ್ರು. ಅಷ್ಟು ವರ್ಷ ಇದ್ದೋರು ಸುಮ್ನೆ ಇದ್ದಿರ್ತಾರಾ? ನಮ್ಮ ಮುತ್ತಜ್ಜಿಗೆ ಬೆಕ್ಕಿನ ಕಣ್ಣು."

ಸಂಜೆ ಇದನ್ನು ಮನೆಯಲ್ಲೂ ಹೇಳಿದರು. ಆಂಟಿ ಒಗ್ಗರಣೆಯ ಸೌಟನ್ನು ಕೆಳಗಿಟ್ಟರು. "ಕೇಳಿದೆಯಾಮ್ಮ? ಒಂದು ಪಿಕ್ನಿಕ್ಕಿಗೋಸ್ಕರ ಅಜ್ಜಿ ಮಾನ ತೆಗೀತಿದ್ದಾರೆ."

ಆದರೂ ಅಂಕಲ್ ಪರೀಕ್ಷೆಯ ಡಬ್ಬಿ ತರಿಸಿದರು. ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬಾರದು ಎಂದು ಅದರಲ್ಲಿ ಬರೆದಿತ್ತು. ಅವರು ಏಕಾದಶಿಯ ದಿನವನ್ನೇ ಆರಿಸಿಕೊಂಡರು. ಸ್ನಾನ ಮಾಡಿ ಬಂದು ಊಟದ ಮೇಜಿನ ಮುಂದೆ ಕೂತು ಟ್ಯೂಬಿನೊಳಗೆ ಉಗುಳಿದರು. "ಊರಲ್ಲಿ ಉಗುಳಿದ್ರೆ ದಂಡ ಹಾಕ್ತಾರೆ. ಇಲ್ಲಿ ದುಡ್ಡು ಕೊಟ್ಟು ಉಗುಳಬೇಕು. ದೊಡ್ಡ ದೇಶ" ಎಂದರು ಆಂಟಿ.

ಫಲಿತಾಂಶ ಬಂದದ್ದು ಮೇ ತಿಂಗಳ ಒಂದು ಗುರುವಾರ, ಆಫೀಸಿನ ಪಾರ್ಕಿಂಗ್‌ನಲ್ಲಿ. ಅಂಕಲ್ ಕಾರು ಆಫ್ ಮಾಡಿ, ಓದುವ ಕನ್ನಡಕ ಹಾಕಿಕೊಂಡು ಫೋನನ್ನು ನನ್ನ ಕೈಗೆ ಕೊಟ್ಟರು. ನೂರಕ್ಕೆ ತೊಂಬತ್ತೊಂಬತ್ತು ದಕ್ಷಿಣ ಭಾರತ. ಒಂದು, ನಿರ್ಧರಿಸಲಾಗಿಲ್ಲ.

"ಆ ಒಂದು ಇದೆಯಲ್ಲ" ಎಂದರು.

ಅದರ ಕೆಳಗೆ, ನಿಮ್ಮ ರಕ್ತಸಂಬಂಧಿಗಳು ಎಂದು ಒಂದೇ ಒಂದು ಹೆಸರು ಇತ್ತು. ರಾಬಿನ್ಸ್‌ವಿಲ್‌ನಲ್ಲಿ ಇರುವವರು. ಕನ್ನಡ ಕೂಟದಲ್ಲಿ ಸತತವಾಗಿ ಕಾರ್ಯದರ್ಶಿಯಾಗಿ, ಅಂಕಲ್‌ಗೆ ಹದಿನೈದು ವರ್ಷ ಕುರ್ಚಿ ಜೋಡಿಸಲು ಹಚ್ಚಿದ್ದವರು ಅವರೇ. ಅಂಕಲ್ ಫೋನ್ ಕಸಿದುಕೊಂಡರು. "ಇದನ್ನ ಅವನಿಗೆ ಹೇಳ್ಬೇಡ. ಆಂಟಿಗೂ ಹೇಳ್ಬೇಡ. ಡೈರಿಯಲ್ಲೂ ಬರೀಬೇಡ." ಬರೆದೆ.

ಜೂನ್ ಪಿಕ್ನಿಕ್ಕಿಗೆ ನನ್ನನ್ನೂ ಕರೆದುಕೊಂಡು ಹೋದರು. ಕೌಂಟಿಯ ಪಾರ್ಕು, ಮರದ ಕೆಳಗೆ ಉದ್ದ ಮೇಜುಗಳು, ಹಾಟ್ ಡಾಗ್‌ಗಳ ಪಕ್ಕದಲ್ಲಿ ಅಂಕಲ್ ತಂದ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ. ಊಟವಾದ ಮೇಲೆ ಸಭೆ. ಅಂಕಲ್ ಎದ್ದು ನಿಂತು ತಮ್ಮ ಫಲಿತಾಂಶವನ್ನು ತಾವೇ ಓದಿದರು. ಫ್ರೆಂಚ್ ಏನೂ ಸಿಕ್ಕಿಲ್ಲ ಎಂದರು. ಆ ಒಂದು ಪರ್ಸೆಂಟಿನ ಮಾತು ಎತ್ತಲಿಲ್ಲ, ಮುತ್ತಜ್ಜಿಯ ಮಾತೂ ಎತ್ತಲಿಲ್ಲ. ಹೆಸರು ಹೇಗೆ ಬಂತೆಂದು ಮಾತ್ರ ಹೇಳಿದರು: ನಾಗಮಂಗಲ, ಪಾಂಡವಪುರ, ಬೆಲ್‌ರೋಸ್. ಕೇಳಿದವರಿಗೆ ಮೊದಲನೆಯ ಎರಡು ಎಲ್ಲಿವೆಯೋ ತಿಳಿಯಲಿಲ್ಲ. ಮೂರನೆಯದರಲ್ಲಿ ರೈಲು ಹತ್ತಿ ಇಳಿದವರು ಬಹಳ ಜನ ಇದ್ದರು.

ವೋಟು ಎಣಿಸುವ ಕೆಲಸ ನನಗೆ ಬಂತು. ಅಲ್ಲಿ ಬೆಲ್‌ರೋಸ್ ಅಲ್ಲದವಳು ನಾನೊಬ್ಬಳೇ. ತೆಗೆಯಬೇಕು ಎನ್ನುವವರು ಹದಿನಾಲ್ಕು, ಇರಲಿ ಎನ್ನುವವರು ಹದಿನಾಲ್ಕು. ಎರಡು ಸಲ ಎಣಿಸಿದೆ. ಸಮಬಲವಾದರೆ ಅಧ್ಯಕ್ಷೆಯ ವೋಟು. ಅಧ್ಯಕ್ಷೆ ಎರಡು ತಟ್ಟೆ ಬಿಸಿಬೇಳೆಬಾತು ತಿಂದು ಮಡಚುವ ಕುರ್ಚಿಯಲ್ಲಿ ನಿದ್ದೆಹೋಗಿದ್ದರು. ಅವರಿಗೆ ತೊಂಬತ್ತು ದಾಟಿದೆ, ಎಬ್ಬಿಸಲು ಯಾರಿಗೂ ಧೈರ್ಯವಿಲ್ಲ. ನಾಲ್ಕು ಗಂಟೆಯವರೆಗೆ ಎಲ್ಲರೂ ಸುತ್ತ ಕೂತು ಕಾದೆವು. ಆಮೇಲೆ ಆ ಜಾಗ ಬೇರೆಯವರ ಬರ್ತ್‌ಡೇ ಪಾರ್ಟಿಗೆ ಬುಕ್ ಆಗಿತ್ತು. ಖಜಾಂಚಿ ಗಡಿಯಾರ ನೋಡಿ, ವಿಷಯವನ್ನು ಮುಂದಿನ ಜೂನ್‌ಗೆ ಮುಂದೂಡಲಾಗಿದೆ ಎಂದು ಘೋಷಿಸಿದರು. ಅಧ್ಯಕ್ಷೆಯನ್ನು ಕುರ್ಚಿಸಮೇತ ಎತ್ತಿ ಕಾರಿನ ಹತ್ತಿರ ಒಯ್ದರು. ಕುರ್ಚಿಯ ಒಂದು ಕಾಲನ್ನು ಖಜಾಂಚಿ ಹಿಡಿದಿದ್ದರು, ಇನ್ನೊಂದನ್ನು ಅಂಕಲ್.

ಆ ಚಳಿಗಾಲ ಅವರು ಗಣ್ಯರ ಸುದ್ದಿ ಹೇಳುವುದು ಕಡಿಮೆಯಾಯಿತು. ಜನವರಿಯ ಒಂದು ಬೆಳಿಗ್ಗೆ, ಮುಂದೆ ಉಪ್ಪು ಚೆಲ್ಲುತ್ತಾ ಹೋಗುತ್ತಿದ್ದ ಲಾರಿಯ ಹಿಂದೆ ನಿಧಾನವಾಗಿ ಸಾಗುವಾಗ, ನಾನು ಕೇಳದೆಯೇ ಹೇಳಿದರು:

"ಹೆಸರೇ ಗೊತ್ತಿಲ್ಲ ಅಂತ ಬರೆದಿರೋ ಕಾರ್ಡನ್ನ ಜೇಬಲ್ಲಿಟ್ಕೊಂಡು ಹನ್ನೊಂದು ವರ್ಷ ಓಡಾಡಿದ್ದೀನಮ್ಮ. ನಂಗೊಂದು ಹೆಸರಿತ್ತು. ಅಪ್ಪ ಇಟ್ಟಿದ್ದು, ಹನ್ನೊಂದನೇ ದಿನ, ಅಕ್ಕಿ ಮೇಲೆ ಬರೆದು. ಇಲ್ಲಿ ಯಾರಿಗೂ ಅದನ್ನ ಎಲ್ಲಿ ಇಡಬೇಕು ಅಂತ ಗೊತ್ತಾಗಲಿಲ್ಲ. ಆಮೇಲೆ ಯಾರೋ ಕಾಗದ ಬರೆದು ಕಸಿನ್ ಅಂದ್ರು. ಅಷ್ಟೇ. ತೆಗೆದುಹಾಕಿದ್ರೆ ಹೆಸರೇನೂ ಹೋಗಲ್ಲ, ಕೋರ್ಟಿನ ಕಾಗದ ಇದೆ. ಆದ್ರೆ ಕರೆಯೋರು ಇರಲ್ಲ ನೋಡು."

"ಜೂನ್‌ಗೆ ಮತ್ತೆ ಬಿಸಿಬೇಳೆಬಾತ್ ಮಾಡಿ ಅಂಕಲ್" ಎಂದೆ. ಜೋರಾಗಿ ನಕ್ಕರು.

ಮಾರ್ಚ್‌ನಲ್ಲಿ ಹೋಗಿಬಿಟ್ಟರು. ಕೊನೆಯ ಹಿಮ ಬಿದ್ದ ದಿನ. ಮನೆ ಮುಂದಿನ ಡ್ರೈವ್‌ವೇಯ ಹಿಮವನ್ನೆಲ್ಲ ಗೋರಿ ಮುಗಿಸಿ, ಬೂಟು ಬಿಚ್ಚಿಟ್ಟು, ಕಾಫಿ ಕೇಳಿ, ಕಾಫಿ ಬರುವುದರೊಳಗೆ. ಆಸ್ಪತ್ರೆ, ಫ್ಯೂನರಲ್ ಹೋಮ್ ಎಲ್ಲ ಎರಡು ದಿನದಲ್ಲಿ ಆಗಿಹೋಯಿತು. ಸಂಘದವರಿಗೆ ಮೊದಲ ದಿನವೇ ನಾನು ಎರಡು ಸಾಲಿನ ಇಮೇಲ್ ಕಳಿಸಿದ್ದೆ.

ಅವತ್ತು ಸಂಜೆಯೇ ಖಜಾಂಚಿಯ ಫೋನ್ ಬಂತು. ಯಾವಾಗ ಬರಬೇಕು ಎಂದು ಕೇಳಿದರು. ಆಂಟಿಯನ್ನು ಕೇಳಿದೆ. "ಹತ್ತನೇ ದಿನ ಬರಲಿ" ಎಂದರು. ಅಲ್ಲಿಯವರೆಗೆ ಕುಟುಂಬದವರು ಏನು ಪಾಲಿಸುತ್ತಾರೆ ಎಂದು ಖಜಾಂಚಿ ಕೇಳಿದರು. ಸೂತಕದಲ್ಲಿ ಗಡ್ಡ ತೆಗೆಯುವುದಿಲ್ಲ, ಸಿಹಿ ತಿನ್ನುವುದಿಲ್ಲ, ಸಮಾರಂಭಗಳಿಗೆ ಹೋಗುವುದಿಲ್ಲ ಎಂದು ಹೇಳಿದೆ. "ಸರಿ" ಎಂದು ಫೋನ್ ಇಟ್ಟರು.

ಹತ್ತನೆಯ ದಿನದ ಕರ್ಮ ಮನೆಯ ಗರಾಜಿನಲ್ಲಿ ನಡೆಯಿತು. ಬಾಗಿಲು ಮೇಲಕ್ಕೆ ಎತ್ತಿತ್ತು, ಮಗ ಪಂಚೆಯುಟ್ಟು ನಡುಗುತ್ತಾ ದರ್ಭೆ ಹಿಡಿದು ಕೂತಿದ್ದ, ಪುರೋಹಿತರು ಹೇಳಿಕೊಟ್ಟದ್ದನ್ನು ಅಮೆರಿಕನ್ ಉಚ್ಚಾರಣೆಯಲ್ಲಿ ಹೇಳುತ್ತಿದ್ದ. ಹತ್ತು ಗಂಟೆಗೆ ರಸ್ತೆಯುದ್ದಕ್ಕೂ ಕಾರುಗಳು ಬಂದು ನಿಂತವು. ಹದಿನೇಳು ಜನ ಬೆಲ್‌ರೋಸ್‌ಗಳು ಇಳಿದು ಡ್ರೈವ್‌ವೇಯಲ್ಲಿ ಸಾಲಾಗಿ ನಿಂತರು. ಖಜಾಂಚಿಯ ಮುಖದ ಮೇಲೆ ಹತ್ತು ದಿನದ ಬಿಳಿ ಗಡ್ಡ. ನನ್ನನ್ನು ಪಕ್ಕಕ್ಕೆ ಕರೆದು, ಕಾಫಿಗೆ ಸಕ್ಕರೆ ಹಾಕಿಕೊಂಡಿದ್ದೆ, ಅದು ಸಿಹಿಯ ಲೆಕ್ಕವೇ ಎಂದು ಕೇಳಿದರು. ಒಳಗೆ ಹೋಗಿ ಆಂಟಿಗೆ ಹೇಳಿದೆ. ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. "ಪರವಾಗಿಲ್ಲ ಅಂತ ಹೇಳು" ಎಂದರು.

ಪುರೋಹಿತರು ತಲೆಯೆತ್ತಿ ಕೇಳಿದರು. "ಧರ್ಮೋದಕ ಬಿಡಬೇಕು, ಎಳ್ಳುನೀರು. ಜ್ಞಾತಿಗಳು ಯಾರಾದ್ರೂ ಇದ್ದಾರಾ? ಹೋದವರ ಕುಲದವರು?"

ಊರಿನಿಂದ ಯಾರಿಗೂ ವೀಸಾ ಸಿಕ್ಕಿರಲಿಲ್ಲ. ಆಂಟಿ ಬಾಗಿಲಿಗೆ ಬಂದು ಹೊರಗೆ ನೋಡಿದರು.

"ಇದ್ದಾರಲ್ಲ, ಅಗೋ."

"ಇವರಾ?"

"ಇವರೇ."

ಪುರೋಹಿತರು ನನ್ನ ಕಡೆ ತಿರುಗಿದರು. "ಗೋತ್ರ ಯಾವುದು ಕೇಳಿ."

ನಿಮ್ಮ ವಂಶ ಯಾರಿಂದ ಶುರುವಾಯಿತೋ ಆ ಮೂಲಪುರುಷನ ಹೆಸರು ಬೇಕು ಎಂದು ಖಜಾಂಚಿಗೆ ವಿವರಿಸಿದೆ. ಅವರು ತಮ್ಮವರ ಕಡೆ ನೋಡಿದರು.

"ಗೊತ್ತಿಲ್ಲ" ಎಂದರು ಖಜಾಂಚಿ. "ಮೊದಲನೆಯವನು ಒಬ್ಬ ಸಿಪಾಯಿ. ಈ ಹೆಸರು ಅವನಿಗೆ ಸೈನ್ಯದಲ್ಲಿ ಇಟ್ಟದ್ದು. ಅದಕ್ಕೆ ಮುಂಚೆ ಅವನ ಹೆಸರು ಏನಿತ್ತು ಅಂತ ಸೆಕ್ರೆಟರಿ ಹುಡುಕುತ್ತಿದ್ದರು."

ಗೊತ್ತಿಲ್ಲವಂತೆ ಎಂದು ಪುರೋಹಿತರಿಗೆ ಹೇಳಿದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ. "ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ಶಾಸ್ತ್ರದಲ್ಲೇ ಇದೆ. ಯಜಮಾನರದ್ದೂ ಕಾಶ್ಯಪವೇ. ಒಂದೇ ಆಯ್ತಲ್ಲ, ಮತ್ತೇನು ಯೋಚನೆ? ಒಬ್ಬೊಬ್ಬರಾಗಿ ಬರಕ್ಕೆ ಹೇಳಿ."

"ಏನನ್ನುತ್ತಾರೆ?" ಎಂದು ಖಜಾಂಚಿ ಕೇಳಿದರು.

"ನೀವೂ ಅವರೂ ಒಬ್ಬನೇ ಮೂಲಪುರುಷನ ವಂಶದವರಂತೆ."

"ಯಾರು ತೀರ್ಮಾನ ಮಾಡಿದ್ದು?"

"ನಿಯಮ ಹಾಗಿದೆ."

ಅವರು ಸ್ವಲ್ಪ ಯೋಚಿಸಿದರು. "ಹಾಗಾದರೆ ಜೂನ್‌ನಲ್ಲಿ ವೋಟಿಗೆ ಹಾಕಬೇಕಾಗುತ್ತದೆಯೇ?"

"ಬೇಡ ಅನ್ನಿಸುತ್ತದೆ" ಎಂದೆ.

ಖಜಾಂಚಿ ಬಲಗೈಯ ಗ್ಲೌಸ್ ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡು ಗರಾಜಿನೊಳಗೆ ಬಂದು ಅಂಗೈ ಚಾಚಿದರು. ಪುರೋಹಿತರು ಅದರಲ್ಲಿ ನಾಲ್ಕು ಕಾಳು ಎಳ್ಳು ಹಾಕಿ, ನೀರನ್ನು ಹೆಬ್ಬೆರಳಿನ ಬದಿಯಿಂದ ಬಿಡಬೇಕೆಂದು ತೋರಿಸಿದರು. ಹಿಂದೆ ಸಾಲಿನಲ್ಲಿ ಉಳಿದ ಹದಿನಾರು ಜನ ಗ್ಲೌಸ್ ಕಳಚತೊಡಗಿದ್ದರು.